ನೀರು ಹಾಕುವ ಮೊದಲು, ನೀರು ಎಲ್ಲಿ ಹೋಯಿತು ಅಂತ ನೋಡಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಮ್ಮ ವಾರ್ಡಿಗೆ ಒಬ್ಬ ಹುಡುಗ ಬಂದ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಬಿಸಿಯಾಗಿ ನಿಂತ ಕಾರಿನಲ್ಲಿ, ಎಂಜಿನ್ ನೀರನ್ನು ತಣಿಸುವ ರೇಡಿಯೇಟರಿನ ಮುಚ್ಚಳ ತಿರುಗಿಸಿದ್ದ. ಮುಖದ ಎಡಭಾಗ, ಕತ್ತು, ಮುಂಗೈ ಎಲ್ಲ ಬೆಂದಿತ್ತು. ಗಾಡಿ ತೆಗೆದುಕೊಂಡು ಎರಡೇ ತಿಂಗಳು ಆಗಿತ್ತಂತೆ. ಮಾರಿದವರು "ಆಗಾಗ ನೀರು ಹಾಕ್ಕೊಂಡು ಓಡ್ಸಿ, ಹಳೇ ಗಾಡಿ ಅಲ್ವಾ" ಅಂದಿದ್ದರಂತೆ. ನನ್ನ ಗಾಡಿ ಮಾರಿದವರೂ ನನಗೆ ಇದೇ ಮಾತನ್ನು ಹೇಳಿದ್ದರು. ಅವನಿಗೆ ಡ್ರೆಸಿಂಗ್ ಮಾಡುತ್ತಿರುವಾಗಲೇ ನಿಮಗೆ ಬರೆಯಬೇಕು ಅಂದುಕೊಂಡೆ.

ನಾನು ಕಡೂರು ಕಡೆಯವಳು. ಸರ್ಕಾರಿ ಆಸ್ಪತ್ರೆಯಲ್ಲಿ 24 ವರ್ಷದಿಂದ ನರ್ಸ್ ಆಗಿದ್ದೇನೆ. ಅಮ್ಮನನ್ನು ಎರಡು ತಿಂಗಳಿಗೊಮ್ಮೆ ಮಂಗಳೂರಿಗೆ ತೋರಿಸಲು ಕರೆದುಕೊಂಡು ಹೋಗಬೇಕು. ಬಸ್ಸಿನಲ್ಲಿ ಅವರಿಗೆ ಆಗುವುದಿಲ್ಲ. ಅದಕ್ಕೇ ಒಂಬತ್ತು ವರ್ಷ ಹಳೆಯ ಒಂದು ಪೆಟ್ರೋಲ್ ಕಾರು ತೆಗೆದುಕೊಂಡೆ. 2,35,000 ರೂಪಾಯಿ. ಅದರಲ್ಲಿ ಅರ್ಧ ಸೊಸೈಟಿ ಸಾಲ. ಕೊಳ್ಳುವ ದಿನ ತಮ್ಮನನ್ನು ಕರೆದುಕೊಂಡು ಹೋಗಿ ಹತ್ತು ಕಿಲೋಮೀಟರ್ ಓಡಿಸಿ ನೋಡಿದ್ದೆ. ಎ.ಸಿ. ಹಾಕಿದರೂ ಬಿಸಿಯ ಸೂಜಿ ಅರ್ಧಕ್ಕಿಂತ ಕೆಳಗೇ ಇತ್ತು. ಎಂಜಿನ್ ತಣ್ಣಗಿದೆ, ಗಾಡಿ ಚೆನ್ನಾಗಿದೆ ಅಂದುಕೊಂಡೆವು.

ಮೂರನೇ ವಾರಕ್ಕೇ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಡಬ್ಬಿಯಲ್ಲಿ ನೀರು ಕೆಳಗಿನ ಗೆರೆಗಿಂತ ಇಳಿದಿತ್ತು. ಮಾರಿದವರಿಗೆ ಫೋನ್ ಮಾಡಿದಾಗ ಬಂದ ಉತ್ತರ ಮೇಲೆ ಹೇಳಿದೆನಲ್ಲ, ಅದೇ. ಹತ್ತಿರದ ಗ್ಯಾರೇಜಿನವರು ಹೋಸ್ ಪೈಪಿನ ಎರಡು ಕ್ಲಿಪ್ ಬಿಗಿ ಮಾಡಿ, ನಲ್ಲಿ ನೀರು ತುಂಬಿ ಕಳಿಸಿದರು. "ಇನ್ನು ಯೋಚನೆ ಇಲ್ಲ ಮೇಡಂ" ಅಂದರು. ನಾನೂ ನಂಬಿದೆ.

ಆ ತಿಂಗಳ ಕೊನೆಗೆ ಮಂಗಳೂರಿಗೆ ಹೋದೆವು. ಹೋಗುವಾಗ ಇಳಿಜಾರು, ಏನೂ ತೊಂದರೆ ಆಗಲಿಲ್ಲ. ವಾಪಸ್ ಬರುವಾಗ ಉಜಿರೆಯಲ್ಲಿ ಊಟ ಮಾಡಿ, ಮಧ್ಯಾಹ್ನದ ಬಿಸಿಲಲ್ಲಿ ಚಾರ್ಮಾಡಿ ಘಾಟಿ ಹತ್ತಲು ಶುರು ಮಾಡಿದೆವು. ಮುಂದೆ ಲಾರಿಗಳ ಸಾಲು. ಮೊದಲ, ಎರಡನೇ ಗೇರಿನಲ್ಲೇ ಹೋಗಬೇಕಾಗಿತ್ತು. ನಾಲ್ಕೈದು ತಿರುವು ಆಗುವಷ್ಟರಲ್ಲಿ ಸೂಜಿ ಏರತೊಡಗಿತು. ಕೆಂಪು ಗೆರೆ ಮುಟ್ಟಿತು. ಎ.ಸಿ. ಆರಿಸಿದೆ. ಹೀಟರ್ ಪೂರ್ತಿ ಹಾಕಿದರೆ ಎಂಜಿನ್ ಬಿಸಿ ಒಳಗೆ ಬಂದು ಸ್ವಲ್ಪ ತಣಿಯುತ್ತದೆ ಅಂತ ಕೇಳಿದ್ದೆ. ಹಾಕಿದೆ. ಬಂದದ್ದು ತಣ್ಣನೆ ಗಾಳಿ. ಅಷ್ಟರಲ್ಲಿ ಸೂಜಿ ಥಟ್ಟನೆ ಕೆಳಗೆ ಇಳಿಯಿತು. "ಸದ್ಯ, ಇಳೀತು" ಅಂದರು ಅಮ್ಮ. ನನಗೂ ಸಮಾಧಾನ ಆಯಿತು. ಮುಂದಿನ ತಿರುವಿನಲ್ಲಿ ಬಾನೆಟ್ಟಿನಿಂದ ಹಬೆ ಬಂತು. ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದೆ.

ತಮ್ಮ ಟವೆಲ್ ಸುತ್ತಿಕೊಂಡು ಮುಚ್ಚಳಕ್ಕೆ ಕೈ ಹಾಕಿದ್ದ. ಹಿಂದೆ ಬರುತ್ತಿದ್ದ ಕೆಎಸ್‌ಆರ್‌ಟಿಸಿ ಬಸ್ಸಿನ ಡ್ರೈವರ್ ಕಿಟಕಿಯಿಂದಲೇ ಕೂಗಿದರು: "ಏಯ್, ಮುಚ್ಚಳ ಮುಟ್ಬೇಡಪ್ಪಾ!" ಬಸ್ ನಿಲ್ಲಿಸಿ ಇಳಿದು ಬಂದರು. ತಮ್ಮನನ್ನು ಹಿಂದಕ್ಕೆ ಎಳೆದು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಅಕ್ಕಾ, ಮುಕ್ಕಾಲು ಗಂಟೆ ಹಾಗೇ ಬಿಡಿ. ಮೇಲೆ ತಣ್ಣೀರೂ ಸುರೀಬೇಡಿ, ಎಂಜಿನ್ ಹೆಡ್ ಸೊಟ್ಟ ಆಗುತ್ತೆ. ಸೂಜಿ ಇಳೀತು ಅಂದ್ರಲ್ಲ, ಅದು ತಣ್ಣಗಾಗಿ ಇಳಿದದ್ದಲ್ಲ. ಸೆನ್ಸರ್ ಹತ್ರ ನೀರೇ ಇಲ್ಲ." ಐದು ಲೀಟರಿನ ಒಂದು ಕ್ಯಾನ್ ನೀರು ಕೊಟ್ಟು ಹೋದರು. ಅವರ ಹೆಸರೂ ಕೇಳಲಿಲ್ಲ. ಈ ಪತ್ರ ಅವರ ಕಣ್ಣಿಗೆ ಬಿದ್ದರೆ ನನ್ನ ನಮಸ್ಕಾರ ಅವರಿಗೆ ಮುಟ್ಟಲಿ.

ಆ ಮುಚ್ಚಳದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ರೇಡಿಯೇಟರ್ ಅಂದರೆ ಕುಕ್ಕರ್ ಇದ್ದ ಹಾಗೆ. ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟುಕೊಂಡಿರುತ್ತದೆ. ಆ ಒತ್ತಡದಿಂದಲೇ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಒತ್ತಡ ಹೋಗುತ್ತದೆ. ಅಷ್ಟೂ ನೀರು ಒಂದೇ ಸಲಕ್ಕೆ ಕುದಿದು ಮುಖಕ್ಕೆ ಹಾರುತ್ತದೆ. ಟವೆಲ್ ಏನೂ ತಡೆಯುವುದಿಲ್ಲ. ಬಟ್ಟೆ ನೆನೆದು ಬಿಸಿಯನ್ನು ಇನ್ನೂ ಹೊತ್ತು ಚರ್ಮಕ್ಕೆ ಅಂಟಿಸಿಕೊಂಡಿರುತ್ತದೆ. ಮೇಲಿನ ಹೋಸ್ ಪೈಪ್ ಕೈಯಲ್ಲಿ ಹಿಚುಕಿದರೆ ಮೆತ್ತಗಿರಬೇಕು, ಬಿಸಿ ಇರಬಾರದು. ಆಮೇಲೆ ಮಾತ್ರ ಮುಚ್ಚಳ ಮುಟ್ಟಿ. ಯಾರಿಗಾದರೂ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಐಸ್ ಬೇಡ. ಟೂತ್‌ಪೇಸ್ಟ್, ಇಂಕು, ತುಪ್ಪ ಯಾವುದೂ ಬೇಡ. ಮೊನ್ನೆಯ ಹುಡುಗನಿಗೆ ಯಾರೋ ಪೇಸ್ಟ್ ಬಳಿದಿದ್ದರು. ಗಾಯದ ಮೇಲಿಂದ ಅದನ್ನು ಬಿಡಿಸುವಾಗ ಅವನು ಪಟ್ಟ ಸಂಕಟ ನಾನು ನೋಡಿದ್ದೇನೆ.

ಘಾಟಿಯಿಂದ ಹೇಗೋ ಕೊಟ್ಟಿಗೆಹಾರಕ್ಕೆ ಬಂದೆವು. ಅಲ್ಲಿ ಇನ್ನೊಮ್ಮೆ ನಿಲ್ಲಿಸಿ, ನೀರು ತುಂಬಿಸಿಕೊಂಡು, ನಿಧಾನವಾಗಿ ಊರು ಮುಟ್ಟಿದೆವು. ಮಾರನೇ ದಿನ ಇನ್ನೊಂದು ಗ್ಯಾರೇಜಿಗೆ ಹೋದೆ. ಅಲ್ಲಿನವರು ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ. 22,000 ಆಗುತ್ತೆ" ಅಂದರು. ಎಂಜಿನ್ನಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಇರುವ ಪದರ ಅದು. ಹೇಗೆ ಗೊತ್ತಾಯಿತು ಅಂತ ಕೇಳಿದೆ. "ಮೇಡಂ, ನಿಮಗೆ ಅರ್ಥ ಆಗಲ್ಲ, ಮನೇಲಿ ಯಜಮಾನ್ರನ್ನ ಕರ್ಕೊಂಡು ಬನ್ನಿ" ಅಂದರು. ನನಗೆ ತುಂಬಾ ನೋವಾಯಿತು. ಕಾರಣ ಹುಡುಕುವುದೇ ದಿನಾ ನಾನು ಮಾಡುವ ಕೆಲಸ. ರೋಗಿಯ ಬಿ.ಪಿ. ಇಳಿಯುತ್ತಿದ್ದರೆ ಡ್ರಿಪ್ ಹಾಕುತ್ತೇವೆ, ನಿಜ. ಹಾಗಂತ ರಕ್ತ ಎಲ್ಲಿ ಹೋಗುತ್ತಿದೆ ಅಂತ ಹುಡುಕದೆ ಬಾಟಲಿ ಮೇಲೆ ಬಾಟಲಿ ಹಾಕುತ್ತಾ ಕೂರುತ್ತೇವಾ? ಪರೀಕ್ಷೆ ಮಾಡದೆ ಹೊಟ್ಟೆ ಕೊಯ್ಯುತ್ತೇವಾ? ಗಾಡಿ ವಾಪಸ್ ತಂದೆ.

ಆಸ್ಪತ್ರೆಯಲ್ಲಿ ಇನ್‌ಟೇಕ್ ಔಟ್‌ಪುಟ್ ಚಾರ್ಟ್ ಅಂತ ಬರೆಯುತ್ತೇವೆ. ಒಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಬಂತು ಅಂತ. ಅದನ್ನೇ ಕಾರಿಗೆ ಬರೆದೆ. ಡಬ್ಬಿಯ ಮೇಲೆ ಬಿಳಿ ಪ್ಲಾಸ್ಟರಿನ ಒಂದು ತುಂಡು ಅಂಟಿಸಿ, ಪೆನ್ನಿನಲ್ಲಿ ತೆಳ್ಳಗೆ ಗೆರೆ ಎಳೆದೆ. ದಿನಾ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು, ಅದೇ ಜಾಗದಲ್ಲಿ ನಿಂತಿರುವಾಗ ನೋಡುತ್ತಿದ್ದೆ. ಗೆರೆ ಮುಟ್ಟುವಷ್ಟು ನೀರನ್ನು 50 ಎಂ.ಎಲ್. ಸಿರಿಂಜಿನಲ್ಲಿ ಅಳೆದು ಹಾಕಿ ಬರೆದಿಡುತ್ತಿದ್ದೆ. ಬಿಸಿ ಇರುವಾಗ ನೋಡಿದರೆ ಲೆಕ್ಕ ತಪ್ಪುತ್ತದೆ. ಬಿಸಿಯಾದಾಗ ನೀರು ಹಿಗ್ಗಿ ಡಬ್ಬಿಗೆ ಬರುತ್ತದೆ, ತಣಿದಾಗ ವಾಪಸ್ ರೇಡಿಯೇಟರಿಗೆ ಹೋಗುತ್ತದೆ. ರಾತ್ರಿ ಗಾಡಿ ಕೆಳಗೆ ಔಷಧಿ ಪೆಟ್ಟಿಗೆಯ ರಟ್ಟು ಬಿಚ್ಚಿ ಹಾಸುತ್ತಿದ್ದೆ.

11 ದಿನದ ಚಾರ್ಟ್ ನನ್ನ ಹತ್ತಿರ ಇದೆ. ಗಾಡಿ ಹೊರಗೆ ತೆಗೆಯದ ಮೂರು ದಿನ ಒಂದು ಹನಿಯೂ ಕಡಿಮೆ ಆಗಲಿಲ್ಲ. ಆಸ್ಪತ್ರೆಗೆ ಮಾತ್ರ ಹೋದ ಐದು ದಿನ 40 ಎಂ.ಎಲ್. ಆಸುಪಾಸು. ಬೀರೂರು, ಅದರಾಚೆ ಎಲ್ಲ ಸುತ್ತಿದ ಮೂರು ದಿನ 120ರ ಹತ್ತಿರ. ಒಟ್ಟು 560 ಎಂ.ಎಲ್. ರಟ್ಟು ಮಾತ್ರ ಪ್ರತಿ ಬೆಳಿಗ್ಗೆ ಒಣಗಿಯೇ ಇತ್ತು. ಅಂದರೆ ನಿಂತಾಗ ಸೋರುತ್ತಿಲ್ಲ, ಓಡುವಾಗ, ಒಳಗೆ ಒತ್ತಡ ಏರಿದಾಗ ಸೋರುತ್ತಿದೆ. ಸೋರಿದ್ದು ಬಿಸಿ ಎಂಜಿನ್ ಮೇಲೆ ಬಿದ್ದು ಅಲ್ಲೇ ಒಣಗುತ್ತಿದೆ.

ಚಾರ್ಟಿನ ಪಕ್ಕದಲ್ಲಿ ಉಳಿದ ಲಕ್ಷಣಗಳನ್ನೂ ಬರೆದಿದ್ದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಕಾಫಿ ಬಣ್ಣದ ನೊರೆ ಇಲ್ಲ. ಆಯಿಲ್ ಮಟ್ಟ ನೋಡುವ ಕಡ್ಡಿ ಡಿಪ್ ಸ್ಟಿಕ್ಕಿನಲ್ಲೂ ಆಯಿಲ್ ಹಾಲು ಹಾಲಾಗಿಲ್ಲ. ಎಂಜಿನ್ ಬಿಸಿಯಾದ ಮೇಲೆ ಸೈಲೆನ್ಸರಿನಿಂದ ಬಿಳಿ ಹೊಗೆ ಇಲ್ಲ. ಅಂದರೆ ನೀರು ಎಂಜಿನ್ ಒಳಗೆ ಆಯಿಲಿಗೆ, ಸಿಲಿಂಡರಿಗೆ ಸೇರುತ್ತಿರುವ ಗುರುತು ಇಲ್ಲ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಬರುವ ತೆಳು ಹಬೆ ಎಲ್ಲ ಗಾಡಿಗೂ ಇರುತ್ತದೆ, ಅದನ್ನು ನೋಡಿ ಹೆದರಬೇಡಿ. ಸೀಟಿನ ಮುಂದೆ, ಕಾಲಿಡುವ ಕಡೆ ಕಾರ್ಪೆಟ್ ಒದ್ದೆ ಇಲ್ಲ, ಸಿಹಿ ಸಿಹಿ ವಾಸನೆ ಇಲ್ಲ. ಅಂದರೆ ಒಳಗಿನ ಹೀಟರಿನಿಂದ ಸೋರುತ್ತಿಲ್ಲ. ಇಷ್ಟನ್ನು ಯಾರು ಬೇಕಾದರೂ ನೋಡಬಹುದು. ಒಂದು ರೂಪಾಯಿ ಖರ್ಚಿಲ್ಲ.

ಚಾರ್ಟ್ ಹಿಡಿದುಕೊಂಡು ಚಿಕ್ಕಮಗಳೂರಿನ ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ ಹೋದೆ. ಅರವತ್ತು ದಾಟಿದವರು. ಚಾರ್ಟ್ ಪೂರ್ತಿ ಓದಿದರು. "ನೀವು ನರ್ಸಾ ಸಿಸ್ಟರ್?" ಅಂದರು. ಆಮೇಲೆ ಎಂಜಿನ್ ತಣ್ಣಗಾಗುವ ತನಕ ಏನನ್ನೂ ಮುಟ್ಟಲಿಲ್ಲ. ತಣಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು, ಒಳಗಿನ ರಬ್ಬರ್ ಮೇಲೆ ಬೆರಳು ಸವರಿ ನನ್ನ ಮೂಗಿನ ಹತ್ತಿರ ಹಿಡಿದರು. ಹಳದಿ ಬಣ್ಣದ ಜಿಗುಟು. ಅರಿಶಿನದ ವಾಸನೆ!

ಲಾರಿಯವರು ದಾರಿಯಲ್ಲಿ ರೇಡಿಯೇಟರ್ ಸೋರಿದರೆ ಊರು ಮುಟ್ಟಲಿ ಅಂತ ಒಂದು ಹಿಡಿ ಅರಿಶಿನದ ಪುಡಿ ಹಾಕುವುದು ಹಳೆಯ ರೂಢಿಯಂತೆ. ಪುಡಿ ಹೋಗಿ ಸಣ್ಣ ತೂತನ್ನು ಮುಚ್ಚುತ್ತದೆ. ಅದು ಆ ಹೊತ್ತಿನ ಪಾಡಿಗೆ. ಮಾರುವ ಗಾಡಿಗೆ ಹಾಕಿದರೆ ಅದು ಮೋಸ. ಪುಡಿ ತೂತಿನಲ್ಲಿ ಮಾತ್ರ ಕೂರುವುದಿಲ್ಲ, ರೇಡಿಯೇಟರಿನ ಸಣ್ಣ ಸಣ್ಣ ನಾಳಗಳಲ್ಲೂ ಕೂರುತ್ತದೆ.

ಆಮೇಲೆ ಅವರು ಕೀ ತಿರುಗಿಸಿದರು. ಎಂಜಿನ್ ತಣ್ಣಗಿದ್ದರೂ, ಎ.ಸಿ. ಹಾಕದಿದ್ದರೂ ಫ್ಯಾನ್ ತಿರುಗತೊಡಗಿತು. "ಡೈರೆಕ್ಟ್ ಮಾಡಿದ್ದಾರೆ ನೋಡಿ" ಅಂದರು. ಸಾಮಾನ್ಯವಾಗಿ ನೀರು 95 ಡಿಗ್ರಿ ಆಸುಪಾಸು ಆದಾಗ ಮಾತ್ರ ಫ್ಯಾನ್ ತಾನಾಗಿ ಶುರುವಾಗಬೇಕು. ಇಲ್ಲಿ ವೈರ್ ಎಳೆದು ಸದಾ ತಿರುಗುವ ಹಾಗೆ ಮಾಡಿದ್ದರು. ಅಷ್ಟೇ ಅಲ್ಲ, ಥರ್ಮೋಸ್ಟಾಟ್ ವಾಲ್ವ್ ಕೂಡ ತೆಗೆದುಹಾಕಿದ್ದರು. ಎಂಜಿನ್ 80 ಡಿಗ್ರಿ ದಾಟುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್ ಅದು. ಅದಿಲ್ಲದಿದ್ದರೆ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ನನಗೆ ಆಗ ಹೊಳೆಯಿತು. ಕೊಳ್ಳುವ ದಿನ ಸೂಜಿ ಅರ್ಧಕ್ಕಿಂತ ಕೆಳಗೆ ಇದ್ದದ್ದು ಎಂಜಿನ್ ಚೆನ್ನಾಗಿದ್ದುದರಿಂದ ಅಲ್ಲ. ಬಯಲುಸೀಮೆಯ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿದರೆ ಕಾಯಿಲೆ ಕಾಣದ ಹಾಗೆ ಮಾಡಿಟ್ಟಿದ್ದರು. ಜ್ವರ ಬಂದವನಿಗೆ ಮಾತ್ರೆ ಕೊಟ್ಟು ಡಾಕ್ಟರ ಮುಂದೆ ಕೂರಿಸಿದ ಹಾಗೆ.

"ಸಿಸ್ಟರ್, ನೀರು ಹೋಗೋ ಕಾಯಿಲೆ ಬೇರೆ, ಬಿಸಿ ಆಗೋ ಕಾಯಿಲೆ ಬೇರೆ. ಒಂದರಿಂದ ಇನ್ನೊಂದು ಬರಬಹುದು. ನಿಮ್ಮ ಗಾಡಿಗೆ ಎರಡೂ ಇದೆ" ಅಂದರು ಮೇಸ್ತ್ರಿ.

ನೀರು ಹೋಗುವ ಜಾಗ ಹುಡುಕಲು ಅವರ ಹತ್ತಿರ ಒಂದು ಕೈಪಂಪು ಇದೆ, ಬಿ.ಪಿ. ನೋಡುವಂಥದ್ದೇ ಮೀಟರ್ ಅದಕ್ಕೂ ಇದೆ. ರೇಡಿಯೇಟರ್ ತುಂಬಿಸಿ, ಬಾಯಿಗೆ ಅದನ್ನು ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟರು. ನನ್ನ ಗಾಡಿಗೆ ಸುಮಾರು 1 ಬಾರ್. ಎಂಜಿನ್ ಆರಿಸಿಯೇ ಇತ್ತು. ಟೀ ಕುಡಿದು ಬಂದೆವು. ಕಾಲು ಗಂಟೆಯಲ್ಲಿ ಮುಳ್ಳು 0.7ಕ್ಕೆ ಇಳಿದಿತ್ತು. ಮೇಸ್ತ್ರಿ ಟಾರ್ಚ್ ಮತ್ತು ಉದ್ದ ಹಿಡಿಯ ಪುಟ್ಟ ಕನ್ನಡಿ ತಂದರು. ನಮ್ಮ ದಂತ ವಿಭಾಗದಲ್ಲಿ ಇರುವಂಥದ್ದೇ ಕನ್ನಡಿ. ಅದನ್ನು ವಾಟರ್ ಪಂಪಿನ ಕೆಳಗೆ ಇಳಿಸಿ "ನೋಡಿ" ಅಂದರು. ಕಡಲೆಕಾಳಿನಷ್ಟು ಒಂದು ತೂತು. ಅದರ ಸುತ್ತ ಉಪ್ಪು ಕಟ್ಟಿದ ಹಾಗೆ ಬಿಳಿ ಗುರುತು. ನೋಡುತ್ತಿದ್ದ ಹಾಗೇ ತೂತಿನ ಅಂಚಿನಲ್ಲಿ ಒಂದು ಹನಿ ಕೂಡಿಕೊಂಡಿತು, ದಪ್ಪ ಆಯಿತು, ಬಿತ್ತು. ಕಂಪನಿಯವರು ಬೇಕೆಂದೇ ಬಿಟ್ಟಿರುವ ತೂತು ಅದು. ಪಂಪಿನ ಒಳಗಿನ ಸೀಲ್ ಸವೆದರೆ ನೀರು ಬೇರಿಂಗಿಗೆ ನುಗ್ಗದೆ ಆ ತೂತಿನಿಂದ ಹೊರಗೆ ಬರಲಿ ಅಂತ. ಒಂದೂವರೆ ತಿಂಗಳಿಂದ ಕಾಡಿದ್ದು ಆ ಸೀಲು.

ಹೆಡ್ ಗ್ಯಾಸ್ಕೆಟ್ ಬಗ್ಗೆಯೂ ಸುಮ್ನೆ ಬಾಯಿಮಾತು ಹೇಳಲಿಲ್ಲ. ಗಾಜಿನ ಒಂದು ಕೊಳವೆಯಲ್ಲಿ ನೀಲಿ ದ್ರಾವಣ ಹಾಕಿ ರೇಡಿಯೇಟರ್ ಬಾಯಿಗೆ ಹಿಡಿದು, ಎಂಜಿನ್ ಓಡಿಸಿ, ಒಳಗಿನ ಗಾಳಿಯನ್ನು ಅದರೊಳಗೆ ಎಳೆದರು. ಗ್ಯಾಸ್ಕೆಟ್ ಸುಟ್ಟು ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿದ್ದರೆ ನೀಲಿ ಬಣ್ಣ ಹಳದಿಗೆ ತಿರುಗುತ್ತದೆ. ನೀಲಿ ನೀಲಿಯಾಗಿಯೇ ಉಳಿಯಿತು. 22,000 ರೂಪಾಯಿಯ ಕೆಲಸ ಬೇಕಿರಲಿಲ್ಲ. ಘಾಟಿಯಲ್ಲಿ ಇನ್ನೆರಡು ತಿರುವು ಓಡಿಸಿದ್ದರೆ ಬೇಕಾಗುತ್ತಿತ್ತು ಅಂದರು.

ಪರೀಕ್ಷೆಗೆ ತೆಗೆದುಕೊಂಡದ್ದು 600 ರೂಪಾಯಿ. ಆಮೇಲೆ ವಾಟರ್ ಪಂಪ್ 1,900, ರೇಡಿಯೇಟರ್ 3,600, ವಾಲ್ವ್ 650, ಫ್ಯಾನ್ ವೈರಿಂಗ್ ಸರಿ ಮಾಡಿದ್ದು 400, ಕೂಲೆಂಟ್ 900, ಕೂಲಿ 2,800. ರಿಪೇರಿಗೇ ಒಟ್ಟು 10,250. ಹಳೆಯ ರೇಡಿಯೇಟರ್ ಬಿಚ್ಚಿ ನೀರು ಸುರಿದರೆ ಕೆಳಗಡೆಯಿಂದ ನೂಲಿನ ಹಾಗೆ ಬಂತು. ಒಳಗೆ ಅರಿಶಿನದ ಕೆಸರಿನ ಜೊತೆ ಬಿಳಿ ಚಕ್ಕೆಗಳೂ ಇದ್ದವು. ಅದು ಬೋರ್‌ವೆಲ್ ನೀರಿನದ್ದು. ನಮ್ಮ ಕಡೆ ನೀರು ಗಡಸು. ಸ್ನಾನದ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುವುದು ಎಲ್ಲರ ಮನೆಯಲ್ಲೂ ನೋಡಿದ್ದೇವೆ. ಅದೇ ಪೊರೆ ರೇಡಿಯೇಟರಿನ ನಾಳದಲ್ಲೂ ಕಟ್ಟುತ್ತದೆ. ಕೂಲೆಂಟಿನಲ್ಲಿ ತುಕ್ಕು ತಡೆಯುವ ಮದ್ದು ಇರುತ್ತದೆ, ನೀರು ಬೇಗ ಕುದಿಯದ ಹಾಗೂ ಮಾಡುತ್ತದೆ. ದಿನಾ ಬರೀ ನೀರು ಸುರಿದರೆ ಅದೆಲ್ಲ ತೆಳ್ಳಗಾಗಿ ಹೋಗುತ್ತದೆ. ದಾರಿಯಲ್ಲಿ ನಿಂತಾಗ ಸಿಕ್ಕಿದ ನೀರು ಹಾಕಿ, ಬೇರೆ ದಾರಿ ಇಲ್ಲ. ಊರಿಗೆ ಬಂದ ಮೇಲೆ ಅದನ್ನು ತೆಗೆಸಿ, ಕಂಪನಿ ಪುಸ್ತಕದಲ್ಲಿ ಹೇಳಿರುವ ಕೂಲೆಂಟನ್ನೇ ಹಾಕಿಸಿ. ಕೆಂಪು, ಹಸಿರು ಅಂತ ಬಣ್ಣ ನೋಡಿ ಬೆರೆಸಬೇಡಿ. ಬಣ್ಣ ಒಂದೇ ಇದ್ದರೂ ಒಳಗಿನದ್ದು ಬೇರೆ ಇರಬಹುದು.

ಇನ್ನೊಂದು ಮಾತು, ಇದು ನರ್ಸ್ ಆಗಿ ಹೇಳುವುದು. ಉಳಿದ ಕೂಲೆಂಟನ್ನು ಗ್ಯಾರೇಜಿನ ಹುಡುಗ ತಂಪು ಪಾನೀಯದ ಖಾಲಿ ಬಾಟಲಿಗೆ ಹಾಕಿ ಕೊಟ್ಟ. ದಯವಿಟ್ಟು ಯಾರೂ ಹಾಗೆ ಮನೆಗೆ ತರಬೇಡಿ. ಸಾಮಾನ್ಯವಾಗಿ ಸಿಗುವ ಕೂಲೆಂಟ್ ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ, ಬಣ್ಣ ಶರಬತ್ತಿನ ಹಾಗೆ. ಮಕ್ಕಳು ಕುಡಿದರೆ ಕಿಡ್ನಿ ಹೋಗುತ್ತದೆ, ಜೀವವೂ ಹೋಗಬಹುದು. ನೆಲಕ್ಕೆ ಚೆಲ್ಲಿದ್ದನ್ನು ನಾಯಿ, ದನ ನೆಕ್ಕುತ್ತವೆ. ಚೆಲ್ಲಿದ ಜಾಗಕ್ಕೆ ಮಣ್ಣು ಹಾಕಿ ಗುಡಿಸಿ ತೆಗೆಯಿರಿ.

ನನ್ನ ಕೋರಿಕೆ ಸಾರಿಗೆ ಇಲಾಖೆಗೂ ಇದೆ. ಖಾಸಗಿ ಕಾರಿಗೆ 15 ವರ್ಷ ಆಗುವ ತನಕ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯವೇ ಅಂತ ನೋಡುವ ತಪಾಸಣೆ, ಇಲ್ಲ. ಆ ಮಧ್ಯೆ ಗಾಡಿ ಎರಡು ಮೂರು ಕೈ ಬದಲಾದರೂ ಹೊಗೆ ತಪಾಸಣೆ ಬಿಟ್ಟರೆ ಎಂಜಿನ್ ಹತ್ತಿರ ಯಾರೂ ಸುಳಿಯುವುದಿಲ್ಲ. ಹಳೆಯ ವಾಹನ ಮಾರುವ ಡೀಲರ್‌ಗಳಿಗೆ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ನಿಯಮ ತಂದಿತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಡೀಲರ್ ಅಧಿಕಾರ ಪತ್ರ ಪಡೆಯಬೇಕು, ತನ್ನ ಕೈಗೆ ಬಂದ ಗಾಡಿಯ ಹೊಣೆ ಹೊರಬೇಕು, ಓಡಿಸಿದ ಲೆಕ್ಕ ಇಡಬೇಕು. ಒಳ್ಳೆಯದೇ. ಆದರೆ ಅದರಲ್ಲಿರುವುದು ಬಹುಪಾಲು ಮಾಲೀಕತ್ವದ, ದಾಖಲೆಯ ವಿಚಾರ. ಅದರ ಜೊತೆಗೆ ಒಂದೇ ಒಂದು ಹಾಳೆ ಸೇರಿಸಿ ಅಂತ ಕೇಳುತ್ತೇನೆ. ಒತ್ತಡ ಹಾಕಿದಾಗ ಕೂಲೆಂಟ್ ನಿಂತಿತೇ? ಫ್ಯಾನ್ ತಾನಾಗಿ ಶುರುವಾಗಿ ತಾನಾಗಿ ನಿಲ್ಲುತ್ತದೆಯೇ? ವಾಲ್ವ್ ಇದೆಯೇ? ಮಾರುವವರು ಬರೆದು ಸಹಿ ಹಾಕಿ ಕೊಡಲಿ. ನನಗೆ ಆದದ್ದನ್ನು ಗ್ರಾಹಕರ ಆಯೋಗಕ್ಕೆ ಒಯ್ಯೋಣ ಅಂದರೆ ಕೈಯಲ್ಲಿ ಕಾಗದವೇ ಇಲ್ಲ, ಎಲ್ಲ ಬಾಯಿಮಾತು.

ಸರ್ಕಾರಿ ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಸುತ್ತಾರಲ್ಲ, ಅಲ್ಲಿ ಶನಿವಾರ ಶನಿವಾರ ಜನರ ಗಾಡಿಗೆ ಈ ಪರೀಕ್ಷೆ ಮಾಡಿಕೊಟ್ಟರೆ ಹೇಗೆ? 200-300 ರೂಪಾಯಿ ಶುಲ್ಕ ಇಡಲಿ. ಮಕ್ಕಳಿಗೆ ಕೈ ಪಳಗುತ್ತದೆ. ಗಾಡಿ ಕೊಳ್ಳುವ ಮೊದಲೇ ಅಲ್ಲಿಗೆ ತಂದು ತೋರಿಸುವ ಅವಕಾಶ ನಮ್ಮಂಥವರಿಗೆ ಸಿಗುತ್ತದೆ.

ಈಗ ನನ್ನ ಕಾರು ಚಾರ್ಮಾಡಿ ಎರಡು ಸಲ ಹತ್ತಿದೆ. ಸೂಜಿ ನಡುವೆ ಇರುತ್ತದೆ, ಅಲುಗುವುದಿಲ್ಲ. ಪ್ಲಾಸ್ಟರಿನ ಗೆರೆ ಇನ್ನೂ ಹಾಗೇ ಇದೆ, ನೀರೂ ಅಲ್ಲೇ ನಿಂತಿದೆ. ವಾರ್ಡಿನ ಹುಡುಗನಿಗೆ ನಾಳಿದ್ದು ಮತ್ತೆ ಡ್ರೆಸಿಂಗ್ ಇದೆ. ಅವನ ಗಾಡಿ ಇನ್ನೂ ರಸ್ತೆ ಪಕ್ಕದಲ್ಲೇ ನಿಂತಿದೆಯಂತೆ. ಅದನ್ನು ಚಿಕ್ಕಮಗಳೂರಿಗೆ ಎಳೆಸಿಕೊಂಡು ಹೋಗಲು ಹೇಳಿದ್ದೇನೆ.

ನಿಮ್ಮ ಪತ್ರಿಕೆಯಲ್ಲಿ ವಾಹನಗಳ ಬಗ್ಗೆ ಬರುವ ಬರಹಗಳನ್ನು ಓದುತ್ತೇನೆ. ಹೆಚ್ಚಿನವು ಹೊಸ ಕಾರಿನವು. ಒಂದು ವಾರ ಆ ಜಾಗವನ್ನು ಹಳೆಯ ಕಾರು ಕೊಳ್ಳುವವರಿಗೆ ಬಿಟ್ಟುಕೊಡಿ. ಮುಚ್ಚಳ ಎಲ್ಲಿರುತ್ತದೆ, ಪಂಪಿನ ತೂತು ಎಲ್ಲಿರುತ್ತದೆ ಅಂತ ಚಿತ್ರ ಹಾಕಿ. ನನ್ನ 11 ದಿನದ ಚಾರ್ಟ್ ಬೇಕಿದ್ದರೆ ಕಳಿಸಿಕೊಡುತ್ತೇನೆ.

ಇಂತಿ ನಿಮ್ಮ ಓದುಗಳು,
ಒಬ್ಬ ಶುಶ್ರೂಷಕಿ, ಕಡೂರು ತಾಲ್ಲೂಕು